ಎರಿತ್ ಕೆಸರಿನ ಮೂರು ಕೋಲು

ಕ್ವೀನ್ಸ್‌ಬರಿ

ಲಂಡನ್ನಿಗೆ ಹೋಗಿ ಬಂದ ಮೇಲೆ ಊರಿನವರೆಲ್ಲ ಅರಮನೆ ಹೇಗಿದೆ, ದೊಡ್ಡ ಗಡಿಯಾರ ಎಷ್ಟು ಎತ್ತರ ಎಂದು ಕೇಳುತ್ತಾರೆ. ಎರಡನ್ನೂ ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದು. ಅವುಗಳ ಬಗ್ಗೆ ನನಗಿಂತ ಗೋಡೆಯ ಕ್ಯಾಲೆಂಡರೇ ಹೆಚ್ಚು ಹೇಳೀತು. ನಾನು ಕೈಯಾರೆ ಮುಟ್ಟಿ, ಕಾಲಿನಿಂದ ತುಳಿದು, ಮುಖಕ್ಕೂ ಒಂದಿಷ್ಟು ಬಳಿದುಕೊಂಡು ಅರಿತದ್ದು ಆ ಊರಿನ ಕೆಸರನ್ನು. ನನ್ನ ಮರ್ಯಾದೆಯ ಒಂದು ಪಾಲು ಅಲ್ಲೇ ಹೂತುಹೋಗಿದೆ. ಆ ಕಥೆಯನ್ನು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುವುದು ಲೇಸು.

ನಾನು ಗಂಗೊಳ್ಳಿ ಕಡೆಯವನು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸಿದ್ದೇನೆ. ಉಬ್ಬರವಿಳಿತದ ಪಾಠ ಬಂದಾಗ ಮೈಮೇಲೆ ದೇವರು ಬಂದವನಂತೆ ಆಡುತ್ತಿದ್ದೆ ಎಂದು ನನ್ನ ಮಕ್ಕಳು ಹೇಳುವುದುಂಟು. ನಮ್ಮಪ್ಪ ಹೊಳೆಯಲ್ಲಿ ಬಲೆ ಬಿಡುತ್ತಿದ್ದವರು. ಪುಸ್ತಕದಲ್ಲಿದ್ದದ್ದಕ್ಕಿಂತ ಹೆಚ್ಚು ನನಗೆ ಗೊತ್ತು ಎಂಬ ಅಹಂಕಾರ ಆ ಪಾಠದ ದಿನ ನೆತ್ತಿಗೆ ಏರಿರುತ್ತಿತ್ತು.

ನನ್ನನ್ನು ಲಂಡನ್ನಿಗೆ ಕರೆಸಿಕೊಂಡ ಜೆಸಿಂತಾ ಆ ಪಾಠ ಕೇಳಿದವಳು. ಚರ್ಚಿನ ಹಿಂದಿನ ಓಣಿಯ ಹುಡುಗಿ, ಮನೆಮಾತು ಕೊಂಕಣಿ. ಈಗ ಗಂಡ ರೋಶನ್ ಮತ್ತು ಮಗಳು ಎಲೀಶಾಳ ಜೊತೆ ಕ್ವೀನ್ಸ್‌ಬರಿಯಲ್ಲಿದ್ದಾಳೆ. ರೋಶನ್‌ಗೆ ಅಕ್ಸ್‌ಬ್ರಿಡ್ಜ್‌ನಲ್ಲಿ ಆಫೀಸು. ಇವಳು ವಾರದಲ್ಲಿ ಮೂರು ದಿನ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಹೋಗುತ್ತಾಳೆ, ಉಳಿದ ದಿನ ಸಂಶೋಧನೆ. ನಲವತ್ತು ದಾಟಿದ ಮೇಲೆ ಮತ್ತೆ ಓದಲು ಕೂತ ಅವಳು ಆರಿಸಿಕೊಂಡ ವಿಷಯ ಕೆಸರು. ಇದೆಲ್ಲ ಶುರುವಾದದ್ದು ನನ್ನ ಪಾಠದಿಂದ ಎಂದು ಅವಳು ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಅದನ್ನು ನಾನು ಗಂಗೊಳ್ಳಿ ಪೇಟೆಯ ಪ್ರತಿ ಅಂಗಡಿಯಲ್ಲೂ ಒಂದೊಂದು ಸಲ ಹೇಳಿ ಮುಗಿಸಿದ್ದೆ.

ಅವಳ ಸಂಶೋಧನೆ ಏನೆಂಬುದು ನನಗೆ ಸರಿಯಾಗಿ ತಲೆಗೆ ಹೋದದ್ದು ಕಾಲ ಮಿಂಚಿದ ಮೇಲೆ. ಓದುಗರಿಗಾದರೂ ಮೊದಲೇ ಹೇಳಿಬಿಡುತ್ತೇನೆ. ಥೇಮ್ಸ್ ನದಿ ಸಮುದ್ರಕ್ಕೆ ಹತ್ತಿರವಾಗುವ ಕಡೆ, ಎರಿತ್ ಎಂಬ ಊರಿನ ಬಳಿ, ದಡದಲ್ಲಿ ಒಂದು ಉಪ್ಪು ಜೌಗು ಇದೆ. ಹಿಂದಿನ ಮಾರ್ಚಿನಲ್ಲಿ ಜೆಸಿಂತಾ ಅಲ್ಲಿ ಒಂಬತ್ತು ಬಿದಿರುಕೋಲುಗಳನ್ನು ನೆಟ್ಟಿದ್ದಳು, ಮೂರು ಜಾಗದಲ್ಲಿ ಮೂರು ಮೂರು. ಕೋಲಿನ ತುದಿಯಿಂದ ಕೆಸರಿನವರೆಗೆ ಎಷ್ಟು ಎಂದು ಅಳೆದು ಬರೆದಿಟ್ಟಿದ್ದಳು. ಸರಿಯಾಗಿ ಒಂದು ವರ್ಷದ ಮೇಲೆ ಮತ್ತೆ ಅಳೆಯಬೇಕು. ಅಂತರ ಕಡಿಮೆಯಾಗಿದ್ದರೆ ಕೆಸರು ಅಷ್ಟು ಏರಿದೆ ಎಂದರ್ಥ. ಸಮುದ್ರ ಏರುತ್ತಿದೆ, ಅದು ಎಲ್ಲರಿಗೂ ಗೊತ್ತು. ಅದರ ಜೊತೆಜೊತೆಗೆ ಕೆಸರೂ ಏರುತ್ತಿದೆಯೇ? ಏರುತ್ತಿದ್ದರೆ ಜೌಗಿನ ಹುಲ್ಲು ಉಳಿಯುತ್ತದೆ. ಇಲ್ಲವಾದರೆ ಮುಂದೆ ನೀರು, ಹಿಂದೆ ಊರು ಕಾಯುವ ಗೋಡೆ, ನಡುವೆ ಹುಲ್ಲು ಉಸಿರುಗಟ್ಟಿ ಸಾಯುತ್ತದೆ. ಅವಳ ಒಂದು ವರ್ಷದ ಓದು ಆ ಒಂಬತ್ತು ಕೋಲಿನ ಮೇಲೆ ನಿಂತಿತ್ತು.

ಇದನ್ನೆಲ್ಲ ಅವಳು ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನನಗೆ ವಿವರಿಸಿದ್ದಳು. ಆ ಹೊತ್ತಿಗೆ ನಾನು ರೋಶನ್‌ಗೆ ಐಸಿನಲ್ಲಿಟ್ಟ ಬಂಗುಡೆಗೂ ದೋಣಿಯಿಂದ ಇಳಿಸಿದ ಬಂಗುಡೆಗೂ ಇರುವ ವ್ಯತ್ಯಾಸ ತಿಳಿಸುತ್ತಿದ್ದೆ. ಕೋಲು, ಕೆಸರು, ಮುಖ್ಯ ಎಂಬ ಮೂರು ಮಾತು ಮಾತ್ರ ನನ್ನ ಕಿವಿಗೆ ಬಿದ್ದವು. ಪಾಠದ ನಡುವೆ ಮಾತಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಾನು.

ಅಷ್ಟಕ್ಕೇ ಸುಮ್ಮನಿದ್ದೆನೇ? ಇಲ್ಲ. ಮರುದಿನ ಯಾವ ತಿಥಿ ಎಂದು ಕೇಳಿದೆ. ಪಂಚಮಿ ಎಂದು ನನ್ನ ಫೋನಿನ ಪಂಚಾಂಗ ಹೇಳಿತು. ನಮ್ಮ ಕಡೆ ತಿಥಿ ಗೊತ್ತಾದರೆ ನೀರಿನ ಹೊತ್ತು ಗೊತ್ತಾದಂತೆ. ಅಪ್ಪ ಅದನ್ನು ಬೆರಳು ಮಡಿಸಿ ಹೇಳುತ್ತಿದ್ದರು. ನಾನೂ ಬೆರಳು ಮಡಿಸಿ, ಬೆಳಿಗ್ಗೆ ಒಂಬತ್ತಕ್ಕೆ ಪೂರ್ತಿ ಇಳಿತ, ಆರಕ್ಕೆಲ್ಲ ಮನೆ ಬಿಡಬೇಕು ಎಂದು ಘೋಷಿಸಿದೆ. ಹನ್ನೊಂದು ವರ್ಷದ ಎಲೀಶಾ ತಟ್ಟೆಯಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಯೂ ಕ್ಯಾನ್ ಜಸ್ಟ್ ಚೆಕ್ ದಿ ಆ್ಯಪ್" ಎಂದಳು.

ಇಳಿತ ಹನ್ನೊಂದೂವರೆಗೆ ಎಂದು ಆ್ಯಪ್ ಹೇಳಿತು. ಜೆಸಿಂತಾ ನನ್ನ ಮುಖ ನೋಡಿ, ಬೇಗ ಎದ್ದರೂ ತೊಂದರೆ ಇಲ್ಲ ಸರ್ ಎಂದಳು. ಆ್ಯಪ್‌ಗೆ ಬುದ್ಧಿ ಬರಲಿ ಎಂದು ನಾನು ಬೆಳಿಗ್ಗೆ ಐದೂವರೆಗೇ ಎದ್ದು, ಎರಡು ಸ್ವೆಟರು ಏರಿಸಿ, ರೋಶನ್‌ನ ಮಳೆ ಪ್ಯಾಂಟು ತೊಟ್ಟು ಸೋಫಾದ ಮೇಲೆ ಕೂತೆ. ಆ ಪ್ಯಾಂಟು ನನಗೆ ಒಂದು ಗೇಣು ಉದ್ದ. ಮನೆಯವರು ಏಳುವ ತನಕ ಎರಡು ಗಂಟೆ ಹಾಗೇ ಕೂತಿದ್ದೆ.

ಲಂಡನ್ ಬ್ರಿಡ್ಜ್

ಕ್ವೀನ್ಸ್‌ಬರಿಯಿಂದ ಟ್ಯೂಬ್ ಹಿಡಿದು ಲಂಡನ್ ಬ್ರಿಡ್ಜ್‌ನಲ್ಲಿ ಇಳಿದು, ಅಲ್ಲಿಂದ ಎರಿತ್‌ನ ರೈಲು ಹತ್ತಬೇಕು. ಟ್ಯೂಬಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಕುಂದಾಪುರದ ಬಸ್ಸಿನಲ್ಲಾದರೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಪ್ಯಾಂಟನ್ನು ಎದೆಯವರೆಗೆ ಎಳೆದುಕೊಂಡ ಮನುಷ್ಯ ಹತ್ತಿದರೆ ಮೂರನೆಯ ಸ್ಟಾಪಿಗೆ ಮೊದಲು ಅವನ ಜಾತಕ ಹೊರಬೀಳುತ್ತಿತ್ತು. ಇಲ್ಲಿ ನನ್ನನ್ನು ಕೇಳುವವರೇ ಇಲ್ಲ. ಕೆಸರಿಗೆ ಹೊರಟಿದ್ದೇನೆ ಎಂದು ಯಾರಿಗಾದರೂ ಹೇಳಬೇಕೆಂದು ನನಗೆ ಬಾಯಿ ತುರಿಸುತ್ತಿತ್ತು.

ಲಂಡನ್ ಬ್ರಿಡ್ಜ್‌ನಲ್ಲಿ ಹೊಳೆ ನೋಡಿದೆವು. ಗಂಟೆ ಒಂಬತ್ತು. ನನ್ನ ಪಂಚಾಂಗದ ಪ್ರಕಾರ ನೀರು ತಳ ಕಂಡಿರಬೇಕಿತ್ತು. ಅದು ಕಂದು ಬಣ್ಣದಲ್ಲಿ ಗೋಡೆಯ ಅರ್ಧದವರೆಗೆ ನಿಂತು ಇನ್ನೂ ಸಮುದ್ರದ ಕಡೆ ಓಡುತ್ತಿತ್ತು. ಜೆಸಿಂತಾಳೇ ನಿಧಾನವಾಗಿ ಶುರುಮಾಡಿದಳು. ನಮ್ಮೂರಿನಲ್ಲಿ ಕಡಲು ಅಂಗಳದಲ್ಲೇ ಇದೆ, ಚಂದ್ರ ಎಳೆದರೆ ತಡವಿಲ್ಲದೆ ಬರುತ್ತದೆ. ಇಲ್ಲಿಗೆ ಬರುವ ಉಬ್ಬರ ಅಟ್ಲಾಂಟಿಕ್‌ನಿಂದ ಹೊರಟು, ಸ್ಕಾಟ್ಲೆಂಡಿನ ತಲೆ ಬಳಸಿ, ಉತ್ತರ ಸಮುದ್ರ ಇಳಿದು, ಆಮೇಲೆ ಹೊಳೆ ಹತ್ತಬೇಕು. ಹಳ್ಳಿ ಹಳ್ಳಿ ಸುತ್ತಿಕೊಂಡು ಬರುವ ಬಸ್ಸಿನ ಹಾಗೆ ಎಂದಳು. ಅವಳು ಹೇಳುತ್ತಿದ್ದ ಧಾಟಿ ನನ್ನದೇ. ಅದೇ ಕೈ ಬೀಸು, ಅದೇ ಜಾಗದಲ್ಲಿ ನಿಲ್ಲಿಸಿ ಎದುರಿನವರ ಮುಖ ನೋಡುವುದು. ಮೂವತ್ತು ವರ್ಷ ನಾನು ಆ ನೋಟದಿಂದ ಎಷ್ಟು ಮಕ್ಕಳನ್ನು ಗೋಳು ಹೊಯ್ದುಕೊಂಡೆ ಎಂದು ಆಗ ತಿಳಿಯಿತು.

ರೈಲಿನಲ್ಲಿ ಕೂತ ಮೇಲೂ ಪಾಠ ಮುಂದುವರಿಯಿತು. ಉಬ್ಬರದ ನೀರು ಕೆಸರಿನ ನುಣುಪು ಕಣಗಳನ್ನು ಹೊತ್ತು ತರುತ್ತದೆ. ಏರಿ ಮುಗಿದು ಇಳಿಯುವ ಮೊದಲು ಸ್ವಲ್ಪ ಹೊತ್ತು ನೀರು ಅಲುಗದೆ ನಿಲ್ಲುತ್ತದಲ್ಲ, ಆಗ ಆ ಕಣ ತಳಕ್ಕೆ ಕೂರುತ್ತದೆ. ಅಕ್ಕಿ ತೊಳೆದ ಅಕ್ಕಚ್ಚಿನ ಪಾತ್ರೆಯನ್ನು ಅಲುಗಿಸದೆ ಇಟ್ಟರೆ ಅಡಿಯಲ್ಲಿ ಬಿಳಿ ಪದರ ಕೂರುವುದಿಲ್ಲವೇ, ಹಾಗೆ. ಹುಲ್ಲಿದ್ದರೆ ಇನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೆ ಗಾಳಿಯ ಅಲೆ, ಹಡಗಿನ ಅಲೆ ಬಂದು ಅದನ್ನೇ ಕದಡಿ ಒಯ್ಯುತ್ತದೆ. ಚಳಿಗಾಲದ ಹಿಮ ಕೆಸರಿನ ಮೇಲಿನ ಪದರವನ್ನು ಒಡೆದು ಪುಡಿ ಮಾಡಿಡುತ್ತದೆ, ಅಲೆಗೆ ಕೆಲಸ ಇನ್ನೂ ಸುಲಭ. ಕೊನೆಗೆ ಉಳಿಯುವುದು ತಂದದ್ದರಲ್ಲಿ ಒಯ್ದದ್ದನ್ನು ಕಳೆದರೆ ಎಷ್ಟೋ ಅಷ್ಟು. ಆ ಉಳಿಕೆ ಎಷ್ಟು ಎಂದು ಅವಳು ಈ ದಿನ ನೋಡಬೇಕಿತ್ತು. ಹೇಳುವಾಗ ಅವಳ ಕೈ ಚೀಲದಲ್ಲಿದ್ದ ನೋಟ್‌ಬುಕ್ಕಿನ ಮೇಲೇ ಇತ್ತು. ನಾನು ತಲೆಯಾಡಿಸುತ್ತಾ ಬಂದೆ. ತಲೆಯಾಡಿಸುವುದು ನಿದ್ದೆಗೂ ಒಪ್ಪಿಗೆಗೂ ಒಂದೇ ರೀತಿ ಕಾಣುತ್ತದೆ ಎಂಬುದು ಮೇಷ್ಟ್ರಾದವನಿಗೆ ಚೆನ್ನಾಗಿ ಗೊತ್ತು.

ಮುಳುಗಿದ ಕಾಡು

ಎರಿತ್‌ನಲ್ಲಿ ಇಳಿದಾಗ ಗಾಳಿ ಮೂಗನ್ನು ಕತ್ತರಿಸಿಕೊಂಡು ಹೋಗುವಂತಿತ್ತು. ಹೊಳೆಯ ಗೋಡೆಯ ಮೇಲಿನ ದಾರಿ ಹಿಡಿದೆವು. ನೀರು ಇಳಿದಿತ್ತು, ಇಳಿಯುತ್ತಲೂ ಇತ್ತು. ನಮ್ಮಲ್ಲಿ ಇಳಿತ ಎಂದರೆ ಸೊಂಟದಷ್ಟು ನೀರು ಕಡಿಮೆಯಾಗುವುದು. ಇಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತರೂ ಮುಳುಗಿಹೋಗುವಷ್ಟು ನೀರು ಅರ್ಧ ದಿನಕ್ಕೊಮ್ಮೆ ಬಂದು ಹೋಗುತ್ತದೆ. ದಡದಲ್ಲಿ ಕಬ್ಬಿಣದ ಏಣಿಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಅವು ದೋಣಿಯವರಿಗೆ ಎಂದು ತಿಳಿಯುವ ಮುಂಚೆ, ಕೆಸರಿಗೆ ಇಷ್ಟು ಏಣಿ ಯಾಕಪ್ಪಾ ಎಂದುಕೊಂಡಿದ್ದೆ.

ಜೆಸಿಂತಾ ಮೊದಲು ನನಗೆ ಮರಗಳನ್ನು ತೋರಿಸಿದಳು. ನೀರು ಬಿಟ್ಟುಹೋದ ಕಡೆ ಕಪ್ಪು ಬುಡಗಳು, ಉದ್ದಕ್ಕೆ ಬಿದ್ದ ಕಾಂಡಗಳು. ಯಾರೋ ಕಳೆದ ಮಳೆಗಾಲದಲ್ಲಿ ಕಡಿದು ಹಾಕಿದ ಹಾಗೆ. ಅವು ಸಾವಿರಾರು ವರ್ಷ ಹಳೆಯವು. ಆಗ ಇಲ್ಲಿ ಕಾಡಿತ್ತು, ಸಮುದ್ರ ದೂರದಲ್ಲಿತ್ತು. ಹಿಮಯುಗದ ಮಂಜು ಕರಗಿ ಸಮುದ್ರ ಏರುತ್ತಾ ಬಂದು ಕಾಡಿನ ಬುಡ ಮುಟ್ಟಿತು. ಮರ ನಿಂತಲ್ಲೇ ಸತ್ತವು, ಮೇಲೆ ಕೆಸರು ಕೂತಿತು. ಉತ್ತರದ ಕಡೆ ಮಂಜುಗಡ್ಡೆಯ ಭಾರ ಇಳಿದ ಮೇಲೆ ಸ್ಕಾಟ್ಲೆಂಡು ಮೆಲ್ಲಗೆ ಏಳುತ್ತಿದೆಯಂತೆ, ಈ ತುದಿ ಮೆಲ್ಲಗೆ ಕುಸಿಯುತ್ತಿದೆಯಂತೆ. ನೀರು ಏರುವುದು ಸಾಲದು ಎಂದು ನೆಲವೂ ಇಳಿಯುತ್ತಿದೆ. ದುರ್ಭಿಕ್ಷದಲ್ಲಿ ಅಧಿಕಮಾಸ ಎಂದೆ. ಅವಳು ನಕ್ಕಳು.

ಅಂಚಿನಲ್ಲಿದ್ದ ಒಂದು ಕಾಂಡಕ್ಕೆ ಕೈ ಚಾಚಿ ಮುಟ್ಟಿದೆ. ಒದ್ದೆ, ತಣ್ಣಗೆ, ತೊಗಟೆ ಇನ್ನೂ ತೊಗಟೆಯ ಹಾಗೇ ಇತ್ತು. ನಾನು ಸಮುದ್ರಮಟ್ಟದ ಬದಲಾವಣೆ ಎಂದು ಕಪ್ಪುಹಲಗೆಯ ಮೇಲೆ ಬರೆದು, ಎರಡು ಅಂಕದ ಪ್ರಶ್ನೆ ಎಂದು ಅಡಿಗೆರೆ ಎಳೆದವನು. ಅದು ಬೆರಳಿಗೆ ಹೀಗೆ ತಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಒಂದು ನಿಮಿಷ ನಿಜವಾಗಿಯೂ ಹೆದರಿಕೆಯಾಯಿತು. ಇದೇ ಊರಿಗೆ ಇನ್ನೊಂದು ಸಲ ಹಾಗೆ ಆಗಬಾರದಲ್ಲ ಸರ್ ಎಂದು ಜೆಸಿಂತಾ ಮೆಲ್ಲಗೆ ಹೇಳಿದಳು. ಈ ಜೌಗು ಉಳಿದರೆ ಬಿರುಗಾಳಿ ದಿನ ಅಲೆಯ ಅರ್ಧ ಸಿಟ್ಟು ಹುಲ್ಲಿನಲ್ಲೇ ಮುಗಿಯುತ್ತದೆ, ಗೋಡೆಗೆ ಪೆಟ್ಟು ಕಡಿಮೆ. ಕೆಸರು ನೀರಿನ ಜೊತೆ ಏರುತ್ತಿದೆ ಎಂದು ಲೆಕ್ಕ ತೋರಿಸಿದರೆ ಜೌಗನ್ನು ಹಾಗೇ ಬಿಡಿ ಎಂದು ಹೇಳುವ ಧೈರ್ಯ ಬರುತ್ತದೆ ಎಂದಳು.

ಕೆಸರಿನ ಅಂಚು

ಜೌಗು ಅಲ್ಲಿಂದ ಮುಂದೆ. ದಾರಿಯ ಪಕ್ಕದಲ್ಲಿ ಗಟ್ಟಿ ಹುಲ್ಲು, ಅದರಾಚೆ ಬಿಡಿಬಿಡಿ ಹುಲ್ಲಿನ ಕುಚ್ಚುಗಳು, ಅದರಾಚೆ ಬರೀ ಕೆಸರು. ದೂರದಲ್ಲಿ ಕೆಂಪು ಟೇಪು ಸುತ್ತಿದ ಕೋಲುಗಳು ಕಂಡವು. ನೀರು ತಿರುಗುವ ಮೊದಲು ಅವುಗಳನ್ನು ಅಳೆದು ಬರಬೇಕು, ಹತ್ತಿರದವನ್ನು ಕೊನೆಯಲ್ಲಿ ನೋಡಿಕೊಂಡರಾಯಿತು ಎಂದು ಜೆಸಿಂತಾ ಕಾಲಿಗೆ ಅಗಲದ ಹಲಗೆ ಕಟ್ಟಿಕೊಂಡಳು. ಇಷ್ಟು ವರ್ಷ ಎಲ್ಲ ಊರಿನವರ ಜೊತೆ ಮಾತಾಡಿ ಅವಳ ಕನ್ನಡ ಬೆಂಗಳೂರಿನ ಕಡೆ ವಾಲಿದೆ. ಗಾಬರಿಯಾದರೆ ಮಾತ್ರ ಗಂಗೊಳ್ಳಿ ಹೊರಬರುತ್ತದೆ.

"ಸರ್, ನೀವ್ ಇಲ್ಲೇ ನಿಲ್ಲಿ. ಕೆಸರಿಗೆ ಇಳುಕಾಗ ಕಾಣಿ" ಎಂದು, ಇಳಿಯಬಾರದೆಂಬುದನ್ನು ಎರಡು ಸಲ ಹೇಳಿ ಹೋದಳು.

ನಿಂತೆ. ಹತ್ತು ನಿಮಿಷ ಅವಳು ಬಾತುಕೋಳಿಯಂತೆ ಹೆಜ್ಜೆ ಹಾಕುತ್ತಾ ದೂರವಾಗುವುದನ್ನು ನೋಡಿದೆ. ಆಮೇಲೆ ನನ್ನ ಕಣ್ಣು ಹುಲ್ಲಿನ ಕುಚ್ಚುಗಳ ನಡುವೆ ನಿಂತಿದ್ದ ಮೂರು ಬಿದಿರುಕೋಲಿನ ಮೇಲೆ ಬಿತ್ತು. ಅವಕ್ಕೆ ಟೇಪು ಇರಲಿಲ್ಲ, ಯಾವಾಗಲೋ ಬಿಚ್ಚಿ ಹೋಗಿರಬೇಕು. ಮೂರೂ ಕುಡುಕರಂತೆ ವಾಲಿದ್ದವು. ಒಂದಕ್ಕೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು.

ಇಲ್ಲಿ ನಮ್ಮ ಹೊಳೆಯ ಒಂದು ಕ್ರಮ ಹೇಳಬೇಕು. ಬಲೆ ಕಟ್ಟುವ ಗೂಟಗಳನ್ನು ಹೊಳೆಯಲ್ಲಿ ನೆಟ್ಟಿರುತ್ತಾರೆ. ನೀರಿನ ಸೆಳೆತಕ್ಕೆ ಅವು ವಾಲುತ್ತವೆ. ದೋಣಿಯಲ್ಲಿ ಹೋಗುವವನಿಗೆ ವಾಲಿದ ಗೂಟ ಕಂಡರೆ ಅದು ಯಾರದೇ ಆಗಿರಲಿ, ಆಗದವನದೇ ಆಗಿರಲಿ, ನೆಟ್ಟಗೆ ಮಾಡಿ ಮೈಭಾರ ಹಾಕಿ ಒತ್ತಿ ಮುಂದೆ ಹೋಗಬೇಕು. ಮಾಡಿದೆ ಎಂದು ಗೂಟದವನಿಗೆ ಹೇಳಬಾರದು. ಹೇಳಿಕೊಂಡರೆ ಪುಣ್ಯ ಹೋಯಿತು. ಅಪ್ಪ ಒಂದು ಕಾಲದಲ್ಲಿ ಮಾತು ಬಿಟ್ಟಿದ್ದ ದಾಯಾದಿಯ ಗೂಟವನ್ನೂ ಹೀಗೆ ಒತ್ತಿದ್ದನ್ನು ಕಣ್ಣಾರೆ ಕಂಡವನು ನಾನು.

ಟೇಪಿಲ್ಲದ್ದು ಜೆಸಿಂತಾಳದಲ್ಲ, ಯಾರೋ ಬಡ ಇಂಗ್ಲಿಷ್ ಬೆಸ್ತನ ಗೂಟವಿರಬೇಕು ಎಂದುಕೊಂಡೆ. ಹುಲ್ಲಿನ ಕುಚ್ಚಿನ ಮೇಲೆಯೇ ಕಾಲಿಟ್ಟರೆ ಕೆಸರಿಗೆ ಇಳಿದಂತೆ ಆಗುವುದಿಲ್ಲ ಎಂದು ನನ್ನೊಳಗಿನ ವಕೀಲ ಹೇಳಿದ. ಮೊದಲ ಕೋಲಿನ ಚೀಲ ಬಿಡಿಸಿ, ನೆಟ್ಟಗೆ ಮಾಡಿ, ಎರಡು ಕೈಯಿಂದ ಒತ್ತಿದೆ. ಒಂದು ಹೆಬ್ಬೆರಳು ಅಗಲದಷ್ಟು ಇಳಿದು ಗಟ್ಟಿಯಾಯಿತು. ಎರಡನೆಯದೂ ಹಾಗೇ. ಮೂರನೆಯದು ಸ್ವಲ್ಪ ಆಚೆ ಇತ್ತು, ಬಗ್ಗಿ ಎದೆ ಕೊಟ್ಟು ಒತ್ತಿದೆ. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು ಅನಿಸಿತು. ಆ ಹೆಮ್ಮೆಯಲ್ಲಿ ತಿರುಗುವಾಗ ಕುಚ್ಚು ಎಲ್ಲಿದೆ ಎಂದು ನೋಡದೆ ಕಾಲಿಟ್ಟೆ. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಕೀಳಲು ಹೋಗಿ ಎಡಗಾಲೂ ಹೋಯಿತು. ಎರಡನ್ನೂ ಬಿಡಿಸಲು ಹೋಗಿ ಕೈ ಊರಿದೆ, ಮುಖಕ್ಕೆ ಚಿಮ್ಮಿತು.

ಅಷ್ಟರಲ್ಲಿ ಗೋಡೆಯ ಮೇಲಿನ ದಾರಿಯಲ್ಲಿ ಒಬ್ಬ ಮುದುಕ ನಾಯಿ ಹಿಡಿದುಕೊಂಡು ಬಂದ. ನಮ್ಮೂರಿನಲ್ಲಾದರೆ ಹತ್ತು ಜನ ಸೇರಿ, ಎಂಟು ಜನ ಬುದ್ಧಿ ಹೇಳಿ, ಇಬ್ಬರು ಎಳೆಯುತ್ತಿದ್ದರು. ಈ ಮನುಷ್ಯ ನಿಂತು, ಬಹಳ ಮರ್ಯಾದೆಯಿಂದ, ಯೂ ಆಲ್‌ರೈಟ್ ಎಂದು ಕೇಳಿದ. ಮೂವತ್ತು ವರ್ಷ ಪಕ್ಕದ ಕ್ಲಾಸಿನಿಂದ ಇಂಗ್ಲಿಷ್ ಪಾಠ ಕೇಳಿದ ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು: ಐ ಆ್ಯಮ್ ಫೈನ್, ಥ್ಯಾಂಕ್ಯೂ, ಹೌ ಆರ್ ಯೂ? ಪರವಾಗಿಲ್ಲ, ಗಾಳಿ ಸ್ವಲ್ಪ ಜೋರು ಎಂದು ಅವನು ಹೇಳಿ, ನಾಯಿಯನ್ನು ಕರೆದುಕೊಂಡು ಹೋದ. ಕೇಳದೆ ಸಹಾಯ ಮಾಡುವುದು ಅಲ್ಲಿ ಮರ್ಯಾದೆಯಲ್ಲ. ಕೇಳುವುದು ನನಗೆ ಮರ್ಯಾದೆಯಲ್ಲ. ಇಬ್ಬರ ಮರ್ಯಾದೆಯ ನಡುವೆ ನಾನು ಅರ್ಧ ಗಂಟೆ ಅಲ್ಲೇ ನಾಟಿ ಮಾಡಿದ ಪೈರಿನಂತೆ ನಿಂತಿದ್ದೆ.

ಜೆಸಿಂತಾ ದೂರದ ಕೋಲುಗಳನ್ನು ಮುಗಿಸಿ ಬಂದಳು. ನನ್ನನ್ನು ಹಿಂದಕ್ಕೆ ಕೂರಿಸಿ, ಕಾಲು ಅಲುಗಾಡಿಸಲು ಹೇಳಿ, ಒಂದೊಂದಾಗಿ ಕಿತ್ತಳು. ಬಲಗಾಲು ಬಂತು, ಬೂಟು ಬರಲಿಲ್ಲ. ಅದನ್ನು ಬೇರೆಯಾಗಿ ಹೆರಿಗೆ ಮಾಡಿಸಬೇಕಾಯಿತು. ಯಾಕೆ ಇಳಿದಿರಿ ಎಂದು ಕೇಳಿದಳು. ಗೂಟದ ಮಾತು ಹೇಳಬಾರದು, ಕ್ರಮವಿದೆ. ಟೋಪಿ ಗಾಳಿಗೆ ಹಾರಿತ್ತು ಎಂದೆ. ಟೋಪಿ ನನ್ನ ತಲೆಯ ಮೇಲೇ ಇತ್ತು.

ಅವಳಿಗೆ ನೋಡುವ ವ್ಯವಧಾನ ಇರಲಿಲ್ಲ. ನೀರು ತಿರುಗಿತ್ತು, ಕಾಲುವೆಗಳಲ್ಲಿ ಆಗಲೇ ಹಿಂದಕ್ಕೆ ಹರಿದು ಬರುತ್ತಿತ್ತು. ಅವಸರದಲ್ಲಿ ಅವಳು ಆ ಮೂರು ಕೋಲಿನ ಬಳಿಗೇ ಹೋಗಿ, ತುದಿಗೆ ಅಳತೆಪಟ್ಟಿ ಹಿಡಿದು, ಓದಿ ಓದಿ ಬರೆದುಕೊಂಡಳು. ಆಗ ತಿಳಿಯಿತು, ಅವೂ ಇವಳವೇ. ಈ ಸಲ ಎಷ್ಟು ನೆಟ್ಟಗೆ ನಿಂತಿವೆ ನೋಡಿ ಸರ್ ಎಂದಳು. ನನಗೆ ಎದೆಯುಬ್ಬಿತು. ನನ್ನ ಶಿಷ್ಯೆಯ ಗೂಟವೇ ಆಯಿತಲ್ಲ, ಪುಣ್ಯ ಹೊರಗೆ ಹೋಗಲಿಲ್ಲ ಎಂದುಕೊಂಡೆ.

ಕೆಫೆ

ಎರಿತ್ ಪೇಟೆಯ ಒಂದು ಸಣ್ಣ ಕೆಫೆಯಲ್ಲಿ ಕೂತೆವು. ಅಲ್ಲಿಯ ಹೆಂಗಸು ನನ್ನ ಕೆಸರು ನೋಡಿಯೂ ನೋಡದವಳಂತೆ ಕುರ್ಚಿಯ ಮೇಲೆ ಪೇಪರು ಹಾಸಿ, ಚಹಾ ಕೊಟ್ಟಳು. ಜೆಸಿಂತಾ ನೋಟ್‌ಬುಕ್ ತೆರೆದು ಹೋದ ವರ್ಷದ ಲೆಕ್ಕದಿಂದ ಈ ವರ್ಷದ್ದನ್ನು ಕಳೆಯತೊಡಗಿದಳು. ದೂರದ ಆರು ಕೋಲು ಮುಗಿಯುವಾಗ ಅವಳ ಮುಖ ಸಣ್ಣದಾಗಿತ್ತು. ಕೊನೆಯ ಮೂರು ಮುಗಿಸಿ ಪೆನ್ನು ಕೆಳಗಿಟ್ಟಳು. ಮತ್ತೆ ಎತ್ತಿ ಇನ್ನೊಮ್ಮೆ ಕಳೆದಳು.

ಹುಲ್ಲಿದ್ದ ಕಡೆ ಕೆಸರು ಏರಿದೆ ಎಂದಳು. ನೀರಿಗಿಂತಲೂ ಹೆಚ್ಚು. ಒಂದು ಹೆಬ್ಬೆರಳು ಅಗಲ. ಮೂರೂ ಕೋಲು ಒಂದೇ ಮಾತು ಹೇಳುತ್ತಿವೆ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಆ ಕ್ಷಣದಲ್ಲೇ ರೋಶನ್‌ಗೆ ಫೋನು ಮಾಡಿ ಕೊಂಕಣಿಯಲ್ಲಿ ಹೇಳಿದಳು. ಮನೆಗೆ ಹೋದ ಕೂಡಲೇ ತನ್ನ ಮಾರ್ಗದರ್ಶಕರಿಗೆ ಬರೆದು ಕಳಿಸುತ್ತೇನೆ ಎಂದು ನನಗೆ ಹೇಳಿದಳು.

ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಹಿಂದಿನ ರಾತ್ರಿ ಬಂಗುಡೆಯ ಗದ್ದಲದಲ್ಲಿ ಮುಳುಗಿಹೋಗಿದ್ದ ಮಾತುಗಳೆಲ್ಲ ಒಂದೊಂದಾಗಿ ಮೇಲೆ ತೇಲಿ ಬಂದವು. ಕೋಲಿನ ತುದಿ. ಕೆಸರಿನವರೆಗೆ ಅಂತರ. ಒಂದು ವರ್ಷ ಮುಟ್ಟಬಾರದು. ಕೆಸರು ಒಂದು ಹೆಬ್ಬೆರಳು ಏರಿರಲಿಲ್ಲ, ಕೋಲು ಒಂದು ಹೆಬ್ಬೆರಳು ಇಳಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಬುದ್ಧಿ ಬಂದಾಗ ಬಾಯಲ್ಲಿ ಬಿಸಿ ಚಹಾ ಇತ್ತು. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಜೌಗಿನ ಕಡೆಯ ಕೆಸರೆಲ್ಲ ಆಗಲೇ ಮುಚ್ಚಿಹೋಗುತ್ತಿತ್ತು.

ಹದಿನೇಳು ನಿಲ್ದಾಣ

ಲಂಡನ್ ಬ್ರಿಡ್ಜ್‌ನಿಂದ ಕ್ವೀನ್ಸ್‌ಬರಿ ಟ್ಯೂಬಿನಲ್ಲಿ ಹದಿನೇಳನೆಯ ನಿಲ್ದಾಣ. ಒಂದೊಂದನ್ನೂ ನಾನು ಲೆಕ್ಕ ಹಾಕಿ ಬಲ್ಲೆ. 

ವಾಟರ್‌ಲೂ ಬಂದರೆ ಹೇಳುತ್ತೇನೆ ಎಂದುಕೊಂಡೆ. ಅಲ್ಲಿ ಬಹಳ ಜನ ಹತ್ತಿದರು, ಅವರೆದುರು ಹೇಗೆ ಎಂದು ಬಿಟ್ಟೆ. ಬೇಕರ್ ಸ್ಟ್ರೀಟಿನಲ್ಲಿ ಜನ ಇಳಿದರು, ಈಗ ತಾನೇ ಅವಳು ಕಣ್ಣು ಮುಚ್ಚಿದ್ದಾಳೆ, ಎಬ್ಬಿಸುವುದು ಪಾಪ ಎಂದು ಬಿಟ್ಟೆ. ಫಿಂಚ್ಲಿ ರೋಡಿನಲ್ಲಿ ರೈಲು ನೆಲದ ಮೇಲೆ ಬಂದು ಬೆಳಕಾಯಿತು. ಅವಳು ಕಣ್ಣು ತೆರೆದು ನೋಟ್‌ಬುಕ್ ತೆರೆದು ಅದೇ ಪುಟ ನೋಡಿ ನಕ್ಕಳು. ಆ ನಗುವಿನ ಮೇಲೆ ಹೇಗೆ ಹೇಳಲಿ? ನನ್ನೊಳಗಿನ ವಕೀಲ ಮತ್ತೆ ಎದ್ದು ನಿಂತ. ಹೇಳದಿದ್ದರೆ ಯಾರಿಗೆ ಏನು ನಷ್ಟ? ಜೌಗಿಗೆ ಒಳ್ಳೆಯದೇ ಆಗುತ್ತದೆ, ಹುಡುಗಿಗೂ ಒಳ್ಳೆಯದೇ, ಕ್ರಮದ ಪ್ರಕಾರ ಗೂಟದ ಮಾತು ಬಾಯಿ ಬಿಡಬಾರದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಒಬ್ಬ ವಕೀಲ ಇರುತ್ತಾನೇನೋ.

ಆದರೆ ನಾನು ಬೆಳಿಗ್ಗೆ ಆ ಕಪ್ಪು ಕಾಂಡವನ್ನು ಮುಟ್ಟಿದ್ದೆ. ಸುಳ್ಳು ಲೆಕ್ಕವನ್ನು ನಂಬಿ ಆ ಗೋಡೆಯ ಹಿಂದೆ ಜನ ಮಲಗುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಮುಂದಿನ ವರ್ಷ ಅಳೆದಾಗ ಲೆಕ್ಕ ಹೊಂದದೆ ಅವಳು ತನ್ನ ತಲೆಯನ್ನೇ ತಾನು ಅನುಮಾನಿಸುವುದು ನನಗೆ ಸಹಿಸುವ ಮಾತಾಗಿರಲಿಲ್ಲ. ವೆಂಬ್ಲಿ ಪಾರ್ಕ್ ಹೋಯಿತು. ಕಿಂಗ್ಸ್‌ಬರಿ ಬಂತು. ಇನ್ನೊಂದೇ ನಿಲ್ದಾಣ ಉಳಿದಿತ್ತು.

"ಜೆಸಿಂತಾ, ಹತ್ತಿರದ ಮೂರು ಕೋಲನ್ನು ನಾನು ಒತ್ತಿದೆ" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ವಾಲಿದ್ದವು, ನಮ್ಮ ಹೊಳೆಯ ಕ್ರಮದಂತೆ ನೆಟ್ಟಗೆ ಮಾಡಿ ಒತ್ತಿದೆ, ಇಷ್ಟು ಇಳಿದವು ಎಂದು ಹೆಬ್ಬೆರಳು ತೋರಿಸಿದೆ. ಟೋಪಿಯ ಮಾತು ಸುಳ್ಳು ಎಂದೂ ಹೇಳಿದೆ. ಅವಳು ನನ್ನ ಬೆರಳನ್ನೇ ನೋಡಿದಳು. ಆಮೇಲೆ ಮೂರೂ ಕೋಲನ್ನಾ ಎಂದು ಕೇಳಿದಳು. ಮೂರೂ ಎಂದೆ.

ಕ್ವೀನ್ಸ್‌ಬರಿಯಲ್ಲಿ ಇಳಿದರೂ ಅವಳು ಮೆಟ್ಟಿಲ ಕಡೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಳು. ನಾನು ಎದುರು ನಿಂತೆ. ಬೆಂಚಿನ ಮೇಲೆ ನಿಲ್ಲು ಎಂದಿದ್ದರೆ ನಿಲ್ಲುತ್ತಿದ್ದೆ. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನೋಟ್‌ಬುಕ್ ತೆರೆದು ಆ ಮೂರು ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆದಳು. ಅಂಕಿ ಅಳಿಯದಂತೆ, ಓದಲು ಬರುವಂತೆ. ಪಕ್ಕದಲ್ಲಿ ಕಾರಣ ಬರೆಯುವ ಜಾಗ ಖಾಲಿ ಇತ್ತು. ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕಡೆ ಚಾಚಿದಳು. ಮುಟ್ಟಿದವರೇ ಬರೆಯಬೇಕು, ಅದು ಇಲ್ಲಿಯ ಪದ್ಧತಿ ಎಂದಳು. ನಮ್ಮ ಹೊಳೆಯ ಕ್ರಮವನ್ನು ನಂಬಿ, ಒಳ್ಳೆಯ ಮನಸ್ಸಿನಿಂದ ಈ ಕೋಲುಗಳನ್ನು ನಾನು ಒತ್ತಿದ್ದೇನೆ ಎಂದೆಲ್ಲ ಬರೆಯಬೇಕೆನಿಸಿತು. ಒತ್ತಿದವನು ನಾನು ಎಂದಷ್ಟೇ ಕನ್ನಡದಲ್ಲಿ ಬರೆದು ಸಹಿ ಹಾಕಿದೆ.

ಒಂದು ವರ್ಷ ಹಾಳು ಮಾಡಿದೆ ಅಲ್ಲವೇ ಎಂದು ಕೇಳಿದೆ. ಆ ಜಾಗದ ಮಟ್ಟಿಗೆ ಹೌದು ಎಂದಳು. ನಾಡಿದ್ದು ಮತ್ತೆ ಹೋಗಿ ಹೊಸದಾಗಿ ಅಳೆದು, ಅಲ್ಲಿಂದ ಇನ್ನೊಂದು ವರ್ಷ ಕಾಯಬೇಕು. ಹೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಿದಳು, ಆದರೆ ನನ್ನ ಮುಖ ನೋಡಿ ಹೇಳಲಿಲ್ಲ. ಸ್ಟ್ಯಾನ್ಮೋರ್ ಕಡೆಗೆ ಇನ್ನೊಂದು ರೈಲು ಬಂದು ಹೋಯಿತು. ಜನ ಇಳಿದು ನಮ್ಮನ್ನು ನೋಡದೆ ದಾಟಿ ಹೋದರು.

ಅವಳು ಪುಟದ ಮೇಲ್ಭಾಗಕ್ಕೆ, ಗೆರೆ ಎಳೆಯದೆ ಉಳಿದ ಆರು ಅಂಕಿಗಳಿಗೆ ಹೋದಳು. ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ಆ ಆರೂ ಏನು ಹೇಳುತ್ತವೆ ಎಂದು ನಾನು ಕೇಳಬೇಕಾಗಿರಲಿಲ್ಲ; ಕೆಫೆಯಲ್ಲಿ ಅವಳ ಮುಖ ಸಣ್ಣದಾದದ್ದನ್ನು ಕಂಡಿದ್ದೆ. ಕೆಸರು ಏರಿದೆ, ಆದರೆ ನೀರಿನಷ್ಟು ಏರಿಲ್ಲ. ಆಮೇಲೆ ಅವಳು ತಲೆ ಎತ್ತಿದಳು. ಎಂಟನೆಯ ಕ್ಲಾಸಿನಲ್ಲಿ ಪರೀಕ್ಷೆಯ ಪೇಪರು ಕೊಡುವಾಗ, ಇನ್ನೊಂದು ಸಲ ಕೂಡಿಸಿ ನೋಡಿ ಸರ್ ಎಂದು ನಿಲ್ಲುತ್ತಿದ್ದ ಮುಖವೇ ಅದು.

"ಸರ್, ಆ ದೂರದ ಆರು ಕೋಲ್ ನೀವ್ ಮುಟ್ಲಿಲ್ಲ ಅಲ್ದಾ?" ಎಂದಳು.

ಮುಟ್ಟಲಿಲ್ಲ ಎಂದೆ. ಮುಟ್ಟಿದ್ದರೆ ಆ ಆರಕ್ಕೂ ಗೆರೆ ಎಳೆಯಬಹುದಿತ್ತು, ಎಷ್ಟು ಚೆನ್ನಾಗಿತ್ತು ಎಂದು ಇಬ್ಬರಿಗೂ ಅನಿಸಿತು.